ಅರ್ಜಿಯಲ್ಲಿ ಹೆಸರು ಮುಚ್ಚಿಟ್ಟರೆ ಜನಾಂಗಭೇದ ನಿಲ್ಲುತ್ತದೆಯೇ?

ಪ್ರಶ್ನೆ:
ಹಲವು ಜನಾಂಗ, ಹಲವು ಭಾಷೆಯವರು ಅರ್ಜಿ ಹಾಕುವ ಕಡೆ ಹೆಸರು, ಫೋಟೋ ತೆಗೆದೇ ಅರ್ಜಿ ನೋಡಿದರೂ ಕೊನೆಗೆ ಕೆಲಸ ಸಿಗುವುದು ಹೆಚ್ಚಾಗಿ ಒಂದೇ ಗುಂಪಿನವರಿಗೆ. ಯಾವ ಹಂತದಲ್ಲಿ ಎಡವಟ್ಟಾಗುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ 1:
ಹೆಸರು ಮುಚ್ಚುವುದನ್ನು ಬಿಡಬೇಡಿ. ಬಾಸ್ಟನ್ ಮತ್ತು ಶಿಕಾಗೋದಲ್ಲಿ ಸುಮಾರು 5,000 ಕಾಲ್ಪನಿಕ ಅರ್ಜಿ ಕಳಿಸಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅರ್ಹತೆ ಸಮನಾಗಿದ್ದರೂ ಬಿಳಿಯರದು ಅನ್ನಿಸುವ ಹೆಸರುಗಳಿಗೆ ಆಫ್ರಿಕನ್ ಅಮೆರಿಕನ್ನರ ಹೆಸರುಗಳಿಗಿಂತ ಶೇ. 50ರಷ್ಟು ಹೆಚ್ಚು ಸಂದರ್ಶನದ ಕರೆ ಬಂದಿತ್ತು. ಆದರೆ ಹೆಸರು ತೆಗೆದ ಮೇಲೂ ಗುರುತು ಸೋರುತ್ತದೆ. ಶಾಲೆ, ವಿಳಾಸ, ಮಾತೃಭಾಷೆ, ಸಮುದಾಯದ ಸಂಘದಲ್ಲಿ ಮಾಡಿದ ಕೆಲಸ ಎಲ್ಲವೂ ಸುಳಿವೇ. ಇಮೇಲ್ ಐಡಿಯಲ್ಲೂ ಪಿಡಿಎಫ್ ಫೈಲಿನ ಹೆಸರಲ್ಲೂ ವ್ಯಕ್ತಿಯ ಹೆಸರು ಹಾಗೇ ಉಳಿದಿರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮುಚ್ಚುವ ಕೆಲಸ ಮಾಡಿದವರು ಆಯ್ಕೆ ಸಮಿತಿಯಲ್ಲಿ ಕೂರಬಾರದು.

ಉತ್ತರ 2:
ಎಡವಟ್ಟು ಎಲ್ಲಿದೆ ಅಂತ ಊಹಿಸುತ್ತಾ ಕೂರಬೇಡಿ, ಎಣಿಸಿ. ಗುಂಪಿನ ವಿವರವನ್ನು ಇಷ್ಟವಿದ್ದವರಷ್ಟೇ ತುಂಬುವ ಬೇರೆ ನಮೂನೆಯಲ್ಲಿ ಪಡೆಯಿರಿ, ಅದು ಸಮಿತಿಯ ಕಣ್ಣಿಗೆ ಬೀಳಬಾರದು. ಆಮೇಲೆ ಅರ್ಜಿ, ಪರೀಕ್ಷೆ, ಸಂದರ್ಶನ ಹೀಗೆ ಒಂದೊಂದು ಹಂತಕ್ಕೂ ಲೆಕ್ಕ ಹಾಕಿ. ಒಂದು ಗುಂಪಿನ 80 ಜನರಲ್ಲಿ 40 ಮಂದಿ ದಾಟಿದರೆ ಶೇ. 50. ಇನ್ನೊಂದರ 60ರಲ್ಲಿ 18 ದಾಟಿದರೆ ಶೇ. 30. 30ನ್ನು 50ರಿಂದ ಭಾಗಿಸಿದರೆ 0.6. ಅಮೆರಿಕದ 1978ರ ಸರ್ಕಾರಿ ಮಾರ್ಗಸೂಚಿಯಲ್ಲಿದ್ದ ‘ಐದರಲ್ಲಿ ನಾಲ್ಕು’ ನಿಯಮದ ಪ್ರಕಾರ ಇದು 0.8ಕ್ಕಿಂತ ಕಡಿಮೆ ಬಂದರೆ ಭೇದದ ಸುಳಿವು, ಆ ಹಂತವನ್ನು ಬಿಚ್ಚಿ ನೋಡಲೇಬೇಕು.

ಪ್ರಶ್ನೆ ಕೇಳಿದವರು:
ಒಂದು ಗುಂಪಿನಿಂದ ಐದೇ ಅರ್ಜಿ ಬಂದಿದ್ದರೆ?

ಉತ್ತರ 2:
ಆಗ ಈ ಲೆಕ್ಕ ನಂಬಬೇಡಿ, ಒಬ್ಬರು ಆಚೀಚೆಯಾದರೂ ಅನುಪಾತ ತಲೆಕೆಳಗಾಗುತ್ತದೆ. ಹಲವು ನೇಮಕಾತಿಗಳ ಅಂಕಿಗಳನ್ನು ಒಟ್ಟು ಸೇರಿಸಿ ನೋಡಿ. ಐದೇ ಬಂದದ್ದು ಯಾಕೆ ಅನ್ನುವುದೂ ಮುಖ್ಯ. ಜಾಹೀರಾತು ಈಗಿರುವ ನೌಕರರ ಪರಿಚಯದವರಿಗಷ್ಟೇ ತಲುಪುತ್ತಿದ್ದರೆ ಭೇದ ಅರ್ಜಿಗೂ ಮೊದಲೇ ಆಗಿಹೋಗಿರುತ್ತದೆ.

ಉತ್ತರ 3:
ಸಂದರ್ಶನದಲ್ಲಿ ಮುಚ್ಚಿದ್ದೆಲ್ಲ ಬಯಲಾಗುತ್ತದೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ ಇರಲಿ. 1 ಅಂಕಕ್ಕೆ ಎಂಥ ಉತ್ತರ, 5 ಅಂಕಕ್ಕೆ ಎಂಥ ಉತ್ತರ ಅಂತ ಮೊದಲೇ ಬರೆದಿಡಿ. ಪ್ರತಿ ಸದಸ್ಯರೂ ಚರ್ಚೆಗೆ ಮುಂಚೆ ಅಂಕ ಬರೆದು ಕೊಡಬೇಕು, ಇಲ್ಲವಾದರೆ ಹಿರಿಯರು ಹೇಳಿದ್ದಕ್ಕೆ ಉಳಿದವರು ತಲೆದೂಗುತ್ತಾರೆ. ‘ನಮ್ಮ ತಂಡಕ್ಕೆ ಹೊಂದಿಕೆಯಾಗಲ್ಲ’ ಎಂಬ ಷರಾ ಒಪ್ಪಲೇಬೇಡಿ, ಯಾವ ಕೆಲಸ ಮಾಡಲಾಗದು ಅಂತ ಬರೆಸಿ. ಉಚ್ಚಾರಣೆ ನಮ್ಮಂತಿಲ್ಲದಿರುವುದು ಬೇರೆ, ಮಾತು ಅರ್ಥವಾಗದಿರುವುದು ಬೇರೆ.

ಉತ್ತರ 1:
ಅರ್ಹತೆಯ ಷರತ್ತನ್ನೂ ತೂಗಿ ನೋಡಿ. ಅಮೆರಿಕದ ವಿದ್ಯುತ್ ಕಂಪನಿಯೊಂದರ ಮೇಲೆ ಅದರ ಕಪ್ಪು ನೌಕರರು ಹೂಡಿದ್ದ, 1971ರಲ್ಲಿ ತೀರ್ಪಾದ ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಮೊಕದ್ದಮೆಯಲ್ಲಿ ಹೈಸ್ಕೂಲ್ ಪ್ರಮಾಣಪತ್ರ, ಎರಡು ಲಿಖಿತ ಪರೀಕ್ಷೆ ಎಲ್ಲರಿಗೂ ಒಂದೇ ಇದ್ದವು. ಅವು ಕಪ್ಪು ನೌಕರರನ್ನೇ ಹೆಚ್ಚಾಗಿ ಹೊರಗಿಟ್ಟವು. ಆದರೆ ಪ್ರಮಾಣಪತ್ರವಿಲ್ಲದ ಹಳೆಯ ಬಿಳಿಯ ನೌಕರರು ಅದೇ ವಿಭಾಗಗಳಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದರು. ಉದ್ದೇಶ ಕೆಟ್ಟದ್ದಲ್ಲದಿದ್ದರೂ ಕೆಲಸಕ್ಕೆ ಸಂಬಂಧವಿಲ್ಲದ ಇಂಥ ಷರತ್ತು ಸಲ್ಲದು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ನಿಮ್ಮಲ್ಲಿ ಈಗ ಅದೇ ಹುದ್ದೆಯಲ್ಲಿರುವವರಲ್ಲಿ ಎಷ್ಟು ಜನರಿಗೆ ನೀವು ಕೇಳುವ ಪದವಿ ಇದೆ ಅಂತ ಮೊದಲು ಪಟ್ಟಿ ಮಾಡಿ.