ಜೈಲಿಗೆ ‘ಬೀಗ ಬಿತ್ತು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳೆಯ ಜೈಲುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸುಲಭ ಅಂದುಕೊಂಡ ಮಾತೇ ತೊಡಕಾಗಿದೆ. ಕಾರ್ಖಾನೆ ನಿಂತುಹೋದರೆ ‘ಬೀಗ ಬಿತ್ತು’ ಅನ್ನುತ್ತೇವೆ. ಅಂಗಡಿಯಾದರೆ ‘ಬಾಗಿಲು ಹಾಕಿತು’. ಜೈಲಿನ ಕಸುಬೇ ಬಾಗಿಲು ಹಾಕಿ ಬೀಗ ಜಡಿಯುವುದು, ಅಲ್ವಾ? ‘ಶೆಪ್ಟನ್ ಮ್ಯಾಲೆಟ್ ಜೈಲಿಗೆ ಬೀಗ’ ಅಂತ ತಲೆಬರಹ ಕೊಟ್ಟರೆ ಓದಿದವರು ನಗುತ್ತಾರೆ.

ಆ ಜೈಲು 17ನೇ ಶತಮಾನದ್ದು. 2013ರ ಜನವರಿಯಲ್ಲಿ ಅಲ್ಲಿನ ನ್ಯಾಯ ಖಾತೆಯ ಸಚಿವ ಕ್ರಿಸ್ ಗ್ರೇಲಿಂಗ್ ಪ್ರಕಟಿಸಿದ ಮುಚ್ಚಬೇಕಾದ ಜೈಲುಗಳ ಪಟ್ಟಿಯಲ್ಲಿ ಅದರ ಜೊತೆ ಕ್ಯಾಂಟರ್ಬರಿ, ಗ್ಲಾಸ್ಟರ್, ಶ್ರೂಸ್‌ಬರಿ ಜೈಲುಗಳೂ ಇದ್ದವು. ಹಳೇ ಕಟ್ಟಡ, ನಡೆಸುವ ಖರ್ಚು ಜಾಸ್ತಿ ಎಂಬ ಕಾರಣ ಕೊಟ್ಟರು. ಸಾಹಿತಿ ಆಸ್ಕರ್ ವೈಲ್ಡ್ ಸೆರೆಯಲ್ಲಿದ್ದ ರೆಡಿಂಗ್ ಜೈಲೂ ಅದೇ ವರ್ಷ ನಿಂತಿತು. ಲಂಡನ್ನಿನ ಹಾಲೊವೇ ಹೆಂಗಸರ ಜೈಲು 2016ರಲ್ಲಿ. ಇವಕ್ಕೆಲ್ಲ ‘ಮುಚ್ಚಿದರು’ ಸಾಕು, ತಕರಾರಿಲ್ಲ.

ತಕರಾರು ಡಾರ್ಟ್‌ಮೂರ್‌ನದು. 1809ರಲ್ಲಿ ಫ್ರೆಂಚ್ ಯುದ್ಧಕೈದಿಗಳನ್ನು ಇಡಲು ತೆರೆದ ಜೈಲು. ಒಳಗೆ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಜಾಸ್ತಿ ಇದೆ ಎಂದು 2024ರಲ್ಲಿ ಕೈದಿಗಳನ್ನೆಲ್ಲ ಬೇರೆ ಜೈಲುಗಳಿಗೆ ಕಳಿಸಿದರು. ಇದು ಸದ್ಯಕ್ಕೆ ಮಾತ್ರ ಅಂತ ಸರ್ಕಾರ ಹೇಳಿತು. ‘ಮುಚ್ಚಿದರು’ ಅಂದರೆ ಶೆಪ್ಟನ್ ಮ್ಯಾಲೆಟ್‌ಗೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ‘ಖಾಲಿ ಮಾಡಿದರು’ ಅಂದರೆ ಕೈದಿಗಳೇ ಬಾಡಿಗೆ ಮನೆ ಬಿಟ್ಟ ಹಾಗೆ ಕೇಳುತ್ತದೆ. ‘ಸ್ಥಗಿತ’ ಅನ್ನುವುದು ನನಗಂತೂ ಕಚೇರಿ ಸುತ್ತೋಲೆಯ ಮಾತು.

ಇನ್ನೊಂದು. ಆಕ್ಸ್‌ಫರ್ಡ್ ಜೈಲು 1996ರಲ್ಲಿ ನಿಂತು, ಆಮೇಲೆ ಹೋಟೆಲ್ ಆಯಿತು. ಅಂಥ ಕಟ್ಟಡಕ್ಕೆ ಏನನ್ನೋಣ? ಬೆಂಗಳೂರಿನ ಫ್ರೀಡಂ ಪಾರ್ಕನ್ನು ‘ಹಳೇ ಸೆಂಟ್ರಲ್ ಜೈಲು’ ಅನ್ನುತ್ತೇವೆ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ‘ಹೊಸ ಜೈಲು’ ಅಂತ ಒಂದು ಇತ್ತಲ್ಲ, ಹಾಗಾಗಿ ನಡೆಯುತ್ತದೆ. ಆದರೆ ಲಂಡನ್ನಿನ ಪೆಂಟನ್‌ವಿಲ್ 1842ರದ್ದು, ಇವತ್ತಿಗೂ ಅಲ್ಲಿ ಕೈದಿಗಳಿದ್ದಾರೆ. ಅದೂ ಹಳೇ ಜೈಲೇ, ಆಕ್ಸ್‌ಫರ್ಡಿನದೂ ಹಳೇ ಜೈಲೇ! ‘ಮಾಜಿ ಜೈಲು’ ಅಂತ ಬರೆದು ನೋಡಿದೆ. ಮಂತ್ರಿಗಳ ನೆನಪಾಯಿತು, ಹೊಡೆದುಹಾಕಿದೆ.

ಧಾರವಾಡದ ಕಡೆ ‘ಬಂದ್ ಆತು’ ಅಂತಾರಲ್ಲ, ಅದು ಸದ್ಯಕ್ಕೆ ನಿಂತದ್ದಕ್ಕೋ, ಕಾಯಂ ಆಗಿ ನಿಂತದ್ದಕ್ಕೋ, ಎರಡಕ್ಕೂನಾ? ಆ ಕಡೆಯವರು ತಿಳಿಸಿದರೆ ಡಾರ್ಟ್‌ಮೂರ್‌ನ ಪ್ಯಾರಾ ಮುಗಿಸುತ್ತೇನೆ.