ಪದಚರ್ಚೆ: ಜಿರಾಫೆಯ ತಲೆಯ ಮೇಲಿರುವುದನ್ನು ಕೊಂಬು ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಜಿರಾಫೆಯ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಕತ್ತಿನ ವಿಷಯ ಬರೆಯುವಾಗ ಪದಗಳಿಗೆ ತಡಕಾಡಬೇಕಾಗಲಿಲ್ಲ. ನಮ್ಮಂತೆ ಅದಕ್ಕೂ ಕತ್ತಿನಲ್ಲಿ ಏಳೇ ಮೂಳೆಗಳು, ಆದರೆ ಒಂದೊಂದೂ ಗೇಣುದ್ದ. ಅಷ್ಟು ಎತ್ತರದ ಮಿದುಳಿಗೆ ರಕ್ತ ಏರಿಸಬೇಕಾದ್ದರಿಂದ ಅದರ ರಕ್ತದೊತ್ತಡ ನಮ್ಮದರ ಸುಮಾರು ಎರಡರಷ್ಟು. ಇಷ್ಟೆಲ್ಲ ಸಲೀಸಾಗಿ ಕನ್ನಡದಲ್ಲಿ ಬಂತು. ತೊಡಕಾದದ್ದು ತಲೆಯ ಮೇಲಿನ ಎರಡು ಮೋಟು ಗೂಟಗಳ ಬಳಿ. ಇಂಗ್ಲಿಷಿನಲ್ಲಿ ಅವುಗಳಿಗೆ ಆಸಿಕೋನ್ ಎಂಬ ಬೇರೆಯೇ ಹೆಸರಿದೆ. ನಾವು ಹಸುವಿಗೂ ಸಾರಂಗಕ್ಕೂ ಜಿರಾಫೆಗೂ ಕೊಂಬು ಎಂದೇ ಬರೆಯುತ್ತೇವೆ.

ಮೂರೂ ಒಂದೇ ಅಲ್ಲವಲ್ಲ! ಹಸುವಿನ ಕೊಂಬಿಗೆ ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನ ಜಾತಿಯ ಗಟ್ಟಿ ಕವಚ. ಸಾರಂಗದ್ದು ಬರಿಯ ಮೂಳೆ. ಬೆಳೆಯುವಾಗ ಮಾತ್ರ ತೊಗಲು ಹೊದ್ದಿದ್ದು, ಆಮೇಲೆ ಅದು ಸುಲಿದುಹೋಗುತ್ತದೆ, ಕೊಂಬೂ ಉದುರಿ ಹೊಸದು ಬರುತ್ತದೆ. ಜಿರಾಫೆಯದು ಶುರುವಾಗುವುದೇ ಮೃದ್ವಸ್ಥಿಯಾಗಿ. ಮರಿ ಹುಟ್ಟುವಾಗ ಅವು ಬುರುಡೆಗೆ ಕೂಡಿಕೊಂಡಿರುವುದಿಲ್ಲ, ತಲೆಗೆ ಒರಗಿ ಮಲಗಿರುತ್ತವೆ. ಹೆರಿಗೆಯಲ್ಲಿ ತಾಯಿಗೆ ಚುಚ್ಚುವ ಭಯವಿಲ್ಲ. ಆಮೇಲೆ ನೆಟ್ಟಗಾಗಿ, ಬೆಳೆಯುತ್ತ ಬೆಳೆಯುತ್ತ ಮೂಳೆಯಾಗಿ ಬುರುಡೆಗೆ ಬೆಸೆದುಕೊಳ್ಳುತ್ತವೆ. ರೋಮವಿರುವ ತೊಗಲು ಮಾತ್ರ ಬದುಕಿರುವವರೆಗೂ ಅವುಗಳ ಮೇಲೆ ಇದ್ದೇ ಇರುತ್ತದೆ. ಹೆಣ್ಣಿನದರ ತುದಿಯಲ್ಲಿ ಕಪ್ಪು ರೋಮದ ಕುಚ್ಚು ಕಾಣುತ್ತದೆ. ಗಂಡುಗಳು ಕತ್ತು ಬೀಸಿ ತಲೆಯಿಂದ ಗುದ್ದಾಡುವುದರಿಂದ ಅವುಗಳ ತುದಿ ಸವೆದು ಬೋಳಾಗಿರುತ್ತದೆ. ಮೈಸೂರಿನ ಮೃಗಾಲಯಕ್ಕೆ ಹೋದವರು ಇದನ್ನು ಗಮನಿಸಿ ನೋಡಬಹುದು.

ಗೆಳೆಯರೊಬ್ಬರು ‘ಎಲುಬುಗೋಡು’ ಎನ್ನಿ ಎಂದರು. ನನಗದು ಒಪ್ಪಿಗೆಯಿಲ್ಲ, ಎಲುಬು ಮೂರರಲ್ಲೂ ಇದೆ, ಗುರುತು ಹಿಡಿಯಲು ಅದರಿಂದ ಪ್ರಯೋಜನವಿಲ್ಲ. ಬೇರೆಯಾಗಿ ಕಾಣುವುದು ಬಿಡದೆ ಹೊದ್ದಿರುವ ತೊಗಲು. ಆದ್ದರಿಂದ ‘ತೊಗಲುಗೋಡು’ ಎಂದು ಬರೆಯೋಣವೆಂದಿದ್ದೇನೆ. ದನಕ್ಕೆ ಕೊಂಬು, ಸಾರಂಗಕ್ಕೆ ಕವಲುಗೊಂಬು, ಜಿರಾಫೆಗೆ ತೊಗಲುಗೋಡು ಎಂದರೆ ಮಕ್ಕಳಿಗೆ ಮೂರೂ ಬೇರೆ ಬೇರೆಯಾಗಿ ನೆನಪಿನಲ್ಲಿ ಉಳಿಯುತ್ತವೆ.

ಒಂದು ಆಕ್ಷೇಪ ಬರಬಹುದು. ಕಾಂಗೋ ಕಾಡಿನ ಒಕಾಪಿ ಜಿರಾಫೆಯ ಹತ್ತಿರದ ನೆಂಟ. ಅದರಲ್ಲಿ ಇವು ಗಂಡಿಗೆ ಮಾತ್ರ ಇರುತ್ತವೆ, ತುದಿಯ ತೊಗಲು ಹೋಗಿ ಮೂಳೆ ಹೊರಗೆ ಕಾಣುವುದೂ ಉಂಟು. ಆದರೂ ಉಳಿದ ಭಾಗವೆಲ್ಲ ತೊಗಲಿನೊಳಗೇ ಇರುವುದರಿಂದ ಹೆಸರು ಹೊಂದುತ್ತದೆಂದೇ ನನ್ನ ಅನಿಸಿಕೆ.

ಬಳಗದಲ್ಲಿ ದನ ಸಾಕಿದವರಿದ್ದರೆ ಅವರಲ್ಲಿ ಇನ್ನೊಂದು ಕೇಳಿಕೆ. ಎತ್ತುಗಳ ಕೊಂಬು ಹೆರೆಯುವವರು ಹೊರಗಿನ ಕವಚಕ್ಕೂ ಒಳಗಿನ ಮೂಳೆಗೂ ಬೇರೆ ಬೇರೆ ಮಾತು ಬಳಸುತ್ತಾರೆಯೇ? ಕರುವಿನ ತಲೆಯಲ್ಲಿ ಆಗತಾನೇ ಮೂಡುವ ಗುಬುಟಿಗೆ ನಿಮ್ಮ ಕಡೆ ಏನೆನ್ನುತ್ತಾರೆ? ಆ ಪದ ಸಿಕ್ಕರೆ ಜಿರಾಫೆ ಮರಿಯ ಎಳೆಯ ಗೂಟಗಳಿಗೂ ಅದನ್ನೇ ಬಳಸುತ್ತೇನೆ. ಪದದ ಜೊತೆಗೆ ಯಾವ ಸೀಮೆಯದೆಂದೂ ತಿಳಿಸಿ.