ಪಿಯು ಭೂಗೋಳ: ಪರೀಕ್ಷೆಗೆ ಹದಿನೈದು ದಿನ, ಯಾವುದನ್ನು ಹಿಡಿಯಬೇಕು? ಅನುಭವ ಇದ್ದವರು ಹೇಳಿ

ವಿದ್ಯಾನಗರದ ಅಕ್ಕ, ದಾವಣಗೆರೆ
ನನ್ನ ತಮ್ಮ ಪ್ರಥಮ ಪಿಯು, ಕಲಾ ವಿಭಾಗ. ಭೂಗೋಳ ಪರೀಕ್ಷೆಗೆ ಹದಿನೈದು ದಿನ ಉಳಿದಿದೆ. ಒಳರಚನೆ, ಶಿಲೆ, ಭೂಕಂಪ ಒಂದು ಸುತ್ತು ಓದಿದ್ದಾನೆ. ವಾಯುಮಂಡಲಕ್ಕೆ ಬಂದರೆ ಅಂಕಿಗಳೆಲ್ಲ ಕಲಸಿಹೋಗುತ್ತವೆ. ಯಾವುದನ್ನು ಗಟ್ಟಿ ಮಾಡಿಸಲಿ, ಯಾವುದನ್ನು ಬಿಡಬಹುದು? ಪಾಠ ಹೇಳುವವರು, ಬರೆದು ಪಾಸಾದವರು ದಯವಿಟ್ಟು ತಿಳಿಸಿ.

ಕೋಟೆಬಂಡೆ, ಚಿತ್ರದುರ್ಗ
ಮೊದಲು ಶಿಲೆ. ಮಿಕ್ಕಿದ್ದೆಲ್ಲ ಆಮೇಲೆ. ನಮ್ಮ ಸೀಮೆಯ ಹುಡುಗನಿಗೆ ಶಿಲೆಯನ್ನು ಬಾಯಿಪಾಠ ಮಾಡಿಸುವುದು ಅನ್ಯಾಯ, ಕಣ್ಣೆದುರೇ ಬಿದ್ದಿದೆ. ಕೋಟೆಯ ಗ್ರಾನೈಟ್ ಚೂರೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಲಿ. ಚಪ್ಪಟೆ ಮುಖ ಮಾಡಿಕೊಂಡು ಫಳ್ಳೆಂದು ಹೊಳೆಯುವುದು ಫೆಲ್ಡ್‌ಸ್ಪಾರ್, ಗಾಜಿನ ಹಾಗೆ ಬೂದಾಗಿ ಕಾಣುವುದು ಕ್ವಾರ್ಟ್ಜ್, ಉಗುರಿಗೆ ಪದರ ಪದರವಾಗಿ ಏಳುವ ಕಪ್ಪು ಚುಕ್ಕೆ ಅಭ್ರಕ. ಹರಳು ಬರಿಗಣ್ಣಿಗೆ ಕಾಣುತ್ತದೆ ಎಂದರೆ ಶಿಲಾಪಾಕ ನೆಲದೊಳಗೆ ನಿಧಾನವಾಗಿ ತಣಿದಿದೆ ಎಂದರ್ಥ. ಬಸಾಲ್ಟ್ ಹೊರಗೆ ಬಂದು ಬೇಗ ಆರಿದ್ದು, ಅದರ ಹರಳು ಕಾಣುವುದಿಲ್ಲ. ಅಗ್ನಿಶಿಲೆಯ ವಿಧಗಳನ್ನು ಬರೆಯುವಾಗ ತಣಿಯುವ ವೇಗವೇ ಹರಳಿನ ಗಾತ್ರವನ್ನು ನಿರ್ಧರಿಸುತ್ತದೆ ಎಂಬ ಮಾತು ಇರಲೇಬೇಕು. ಬರೀ ಹೆಸರು ಬರೆದವರಿಗೆ ಅರ್ಧ ಅಂಕ ಹೋಗುತ್ತದೆ.

ರೂಪಾಂತರದ ಜೋಡಿಗಳು ತಪ್ಪದೆ ಬರುತ್ತವೆ: ಸುಣ್ಣಕಲ್ಲಿನಿಂದ ಅಮೃತಶಿಲೆ, ಮರಳುಗಲ್ಲಿನಿಂದ ಕ್ವಾರ್ಟ್ಜೈಟ್, ಜೇಡಿಶಿಲೆಯಿಂದ ಸ್ಲೇಟ್, ಗ್ರಾನೈಟಿನಿಂದ ನೈಸ್, ಕಲ್ಲಿದ್ದಲಿನಿಂದ ಗ್ರಾಫೈಟ್. ಅಮೃತಶಿಲೆ, ಕ್ವಾರ್ಟ್ಜೈಟ್ ಎರಡೂ ಬೆಳ್ಳಗೆ ಇರಬಹುದು, ಗುರುತು ಹಿಡಿಯುವುದು ಸುಲಭ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಅಮೃತಶಿಲೆ ನೊರೆಯಾಡುತ್ತದೆ, ಕ್ವಾರ್ಟ್ಜೈಟ್ ಸುಮ್ಮನಿರುತ್ತದೆ. ಕ್ವಾರ್ಟ್ಜೈಟ್ ಗಾಜನ್ನು ಗೀರುತ್ತದೆ, ಅಮೃತಶಿಲೆ ಗೀರುವುದಿಲ್ಲ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅಮೃತಶಿಲೆಯ ಕ್ಯಾಲ್ಸೈಟ್ 3, ಗಾಜು ಸುಮಾರು 5.5, ಕ್ವಾರ್ಟ್ಜ್ 7.

ನಮ್ಮ ಮರಡಿಹಳ್ಳಿಯ ದಿಂಬು ಲಾವಾವನ್ನೂ ಬರೆಯಿಸಿ. ಲಾವಾ ನೀರಿನಡಿ ಉಕ್ಕಿ, ಹೊರಮೈ ಆ ಕ್ಷಣಕ್ಕೇ ಗಟ್ಟಿಯಾಗಿ, ಒಳಗಿನದು ಮತ್ತೆ ಒಡೆದು ಬಂದು ಉಂಡೆ ಉಂಡೆಯಾಗಿ ಕೂತದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಈ ಜಾಗ ಒಂದು ಕಾಲದಲ್ಲಿ ನೀರಿನಡಿ ಇತ್ತು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬೆಣ್ಣೆನಗರಿ, ದಾವಣಗೆರೆ
ಕಲ್ಲು ಹಿಡ್ಕೊಂಡು ಪರೀಕ್ಷೆ ಹಾಲಿಗೆ ಹೋಗಕ್ಕಾಗಲ್ಲ ಸರ್. ಅಂಕ ತರುವುದು ಚಿತ್ರ, ಅದರಲ್ಲೂ ಒಳರಚನೆಯ ಚಿತ್ರ. ಅದನ್ನು ಅಂದಾಜಿಗೆ ಬರೆದು ಮಕ್ಕಳು ಹಾಳು ಮಾಡುತ್ತಾರೆ. ಅಳತೆ ಹೇಳುತ್ತೇನೆ: 1 ಸೆಂ.ಮೀ.ಗೆ 1000 ಕಿ.ಮೀ. ಭೂಮಿಯ ತ್ರಿಜ್ಯ 6371 ಕಿ.ಮೀ., ಹಾಗಾಗಿ ಕೈವಾರ 6.4 ಸೆಂ.ಮೀ. ಕೇಂದ್ರಗೋಳ 2900 ಕಿ.ಮೀ. ಆಳದಲ್ಲಿ ಶುರು, ಅದರ ತ್ರಿಜ್ಯ 3.5 ಸೆಂ.ಮೀ. ಒಳ ಕೇಂದ್ರಗೋಳ ಸುಮಾರು 5150 ಕಿ.ಮೀ. ಆಳದಿಂದ, ತ್ರಿಜ್ಯ 1.2 ಸೆಂ.ಮೀ. ಭೂಕವಚ ಖಂಡಗಳಡಿ ಸರಾಸರಿ 35 ಕಿ.ಮೀ., ಈ ಅಳತೆಯಲ್ಲಿ ಒಂದು ಮಿ.ಮೀ. ಕೂಡ ಆಗುವುದಿಲ್ಲ. ಪೆನ್ಸಿಲ್ ಗೆರೆಯ ದಪ್ಪವೇ ಭೂಕವಚ! ಅರ್ಧ ಇಂಚು ದಪ್ಪ ಬಳಿದು 'ಭೂಕವಚ' ಅಂತ ಬರೆಯುವವರಿಗೆ ಏನು ಹೇಳೋಣ?

ಗಡಿಗಳ ಹೆಸರು ಅದಲುಬದಲಾಗುತ್ತವೆ. ಭೂಕವಚ ಮತ್ತು ಅದರ ಕೆಳಗಿನ ಪದರವಾದ ಮ್ಯಾಂಟಲ್ ನಡುವೆ ಮೋಹೋ, 1909ರಲ್ಲಿ ಪತ್ತೆಯಾದದ್ದು. ಮ್ಯಾಂಟಲ್ ಮತ್ತು ಕೇಂದ್ರಗೋಳದ ನಡುವೆ ಗುಟೆನ್‌ಬರ್ಗ್. ಹೊರ ಮತ್ತು ಒಳ ಕೇಂದ್ರಗೋಳದ ನಡುವೆ ಲೇಮನ್. ಇಂಗೆ ಲೇಮನ್ ಡೆನ್ಮಾರ್ಕಿನ ಹೆಣ್ಣುಮಗಳು, 1936ರಲ್ಲಿ ಭೂಕಂಪದ ಅಲೆಗಳ ದಾಖಲೆ ನೋಡಿಯೇ ಒಳಗೊಂದು ಗಟ್ಟಿ ಗೋಳ ಇದೆ ಎಂದು ತೋರಿಸಿಕೊಟ್ಟವರು.

'ಹೊರ ಕೇಂದ್ರಗೋಳ ದ್ರವ' ಎಂದು ಬರೆದು ನಿಲ್ಲಿಸಬಾರದು. ಭೂಕಂಪದ ಅಲೆಗಳಲ್ಲಿ ಒಂದಾದ ಎಸ್ ಅಲೆ ದ್ರವದಲ್ಲಿ ಸಾಗುವುದಿಲ್ಲ, ಅಲ್ಲಿಗೆ ಬಂದು ನಿಂತುಬಿಡುತ್ತದೆ, ಅದಕ್ಕೇ ದ್ರವ ಎಂದು ತಿಳಿಯಿತು ಅನ್ನುವುದನ್ನು ಸೇರಿಸಿ. ಒಳ ಕೇಂದ್ರಗೋಳ ಇನ್ನೂ ಬಿಸಿ, ಆದರೂ ಘನ, ಕಾರಣ ಒತ್ತಡ. ಇನ್ನೊಂದು: ಭೂಕವಚದಲ್ಲಿ ಹೆಚ್ಚು ಇರುವ ಧಾತು ಆಮ್ಲಜನಕ, ತೂಕದಲ್ಲಿ ಸುಮಾರು 46.6%, ನಂತರ ಸಿಲಿಕಾನ್ 27.7%. ಇಡೀ ಭೂಮಿ ತೆಗೆದುಕೊಂಡರೆ ಕಬ್ಬಿಣ. ಒಂದಂಕದ ಪ್ರಶ್ನೆಯಲ್ಲಿ 'ಭೂಕವಚ' ಎಂದಿದೆಯೋ 'ಭೂಮಿ' ಎಂದಿದೆಯೋ ನೋಡದೆ ಟಿಕ್ ಹಾಕಿದರೆ ಹೋಯಿತು.

ಕೋಟೆಬಂಡೆ, ಚಿತ್ರದುರ್ಗ
ಅಳತೆಗೆ ಚಿತ್ರ ಬರೆಯುತ್ತಾ ಕೂತರೆ ಹತ್ತು ನಿಮಿಷ ಅಲ್ಲೇ ಹೋಯಿತು. ಐದಂಕದ ಪ್ರಶ್ನೆಗೆ ಹತ್ತು ನಿಮಿಷವೇ ಜಾಸ್ತಿ. ಪಾಠ ಹೇಳುವವರು ಟೈಮ್ ಲೆಕ್ಕವನ್ನೂ ಹೇಳಬೇಕಲ್ವಾ?

ಬೆಣ್ಣೆನಗರಿ, ದಾವಣಗೆರೆ
ಕೈವಾರ ಇದ್ರೆ ಮೂರು ವೃತ್ತ, ಮೂರು ನಿಮಿಷ. ಇಡೀ ವೃತ್ತ ಬೇಡ ಅನ್ನುವವರು ಕಾಲುಭಾಗ ಬರೆದರೂ ಸಾಕು. ಬಣ್ಣ ತುಂಬುವುದು ಬೇಡ, ಹೆಸರುಗಳೆಲ್ಲ ಬಲಗಡೆ ಒಂದೇ ಸಾಲಿನಲ್ಲಿ ಬರಲಿ. ಮಾಡಿ ನೋಡದೆ ಮಾತಾಡಬೇಡ್ರಿ.

ಒಣಗಾಳಿ, ಚಳ್ಳಕೆರೆ
ಇಬ್ಬರೂ ಸ್ವಲ್ಪ ನಿಲ್ಲಿಸ್ರಪ್ಪ. ಆ ಅಕ್ಕ ಕೇಳಿದ್ದು ವಾಯುಮಂಡಲ. ನೀವು ಒಬ್ಬರು ಕಲ್ಲು ಒಡೀತಿದೀರಿ, ಇನ್ನೊಬ್ಬರು ಕೈವಾರ ತಿರುಗಿಸ್ತಿದೀರಿ.

ಅಕ್ಕಾ, ಅಂಕಿ ಕಲಸಿಹೋಗುವುದು ಪಟ್ಟಿ ಮಾಡಿ ಓದುವುದರಿಂದ. ಒಂದು ನೇರ ಗೆರೆ ಎಳೆಯಿಸಿ, ಎಡಕ್ಕೆ ಎತ್ತರ, ಬಲಕ್ಕೆ ಉಷ್ಣಾಂಶ. ಕೆಳಗೆ ನೆಲದ ಬಳಿ 15 ಡಿಗ್ರಿ ಸೆ. ಪರಿವರ್ತನಾ ಮಂಡಲದಲ್ಲಿ ಏರಿದಂತೆ ಇಳಿಯುತ್ತದೆ, ಯಾಕೆಂದರೆ ಗಾಳಿ ಕಾಯುವುದು ನೆಲದಿಂದ. ಸಮೋಷ್ಣ ಮಂಡಲದಲ್ಲಿ, ಅಂದರೆ ಸುಮಾರು 50 ಕಿ.ಮೀ.ವರೆಗೆ, ತಿರುಗಿ ಏರುತ್ತದೆ. ಓಝೋನ್ ಅತಿನೇರಳೆ ಕಿರಣ ಹೀರಿಕೊಳ್ಳುವುದು ಅದಕ್ಕೆ ಕಾರಣ. ಮಧ್ಯಂತರ ಮಂಡಲದಲ್ಲಿ 80 ಕಿ.ಮೀ. ತಲುಪುವ ಹೊತ್ತಿಗೆ ಮತ್ತೆ ಇಳಿದು ಸುಮಾರು ಮೈನಸ್ 90. ಉಷ್ಣತಾ ಮಂಡಲದಲ್ಲಿ ಮತ್ತೆ ಏರಿಕೆ. ಇಳಿ, ಏರು, ಇಳಿ, ಏರು. ಒಂದೊಂದು ತಿರುವಿಗೂ ಕಾರಣ ಬರೆದುಕೊಂಡರೆ ಹೆಸರು ತಾನಾಗಿ ನಿಲ್ಲುತ್ತದೆ.

ಪರಿವರ್ತನಾ ಮಂಡಲದ ಎತ್ತರ ಸಮಭಾಜಕದ ಮೇಲೆ ಸುಮಾರು 18 ಕಿ.ಮೀ., ಧ್ರುವದ ಮೇಲೆ 8 ಕಿ.ಮೀ. ಬಿಸಿಗಾಳಿ ಮೇಲೇಳುವ ಕಡೆ ಎತ್ತರ ಜಾಸ್ತಿ. ಇಲ್ಲೊಂದು ಗುಂಡಿ ಇದೆ: ಆ ಮಂಡಲದ ತುತ್ತತುದಿಯಲ್ಲಿ ಹೆಚ್ಚು ಚಳಿ ಇರುವುದು ಸಮಭಾಜಕದ ಮೇಲೆ, ಸುಮಾರು ಮೈನಸ್ 80. ಹೆಚ್ಚು ಎತ್ತರ ಏರಿದ್ದರಿಂದ ಹೆಚ್ಚು ತಣಿದಿದೆ. ಧ್ರುವ ಎಂದು ಬರೆದು ಕೆಡುವವರೇ ಬಹಳ.

ಮಳೆ ನೆರಳಿನ ಪ್ರಶ್ನೆ ಬಂದರೆ ನಮ್ಮ ತಾಲ್ಲೂಕನ್ನೇ ಉದಾಹರಣೆ ಕೊಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ, ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಆದರೆ 'ಘಟ್ಟ ಮೋಡವನ್ನು ತಡೆಯುತ್ತದೆ' ಎಂದಷ್ಟೇ ಬರೆದರೆ ಉತ್ತರ ಅರ್ಧ. ಘಟ್ಟ ದಾಟಿ ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಬಿಸಿಯಾದಂತೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ, ಅದಕ್ಕೇ ಮೋಡ ಮಳೆಗರೆಯುವುದಿಲ್ಲ. ಈ ಮೂರು ಹೆಜ್ಜೆ ಇದ್ದರೇ ಪೂರ್ತಿ ಅಂಕ.

ಹೊಳೆದಂಡೆ, ಹರಿಹರ
ಒಣಗಾಳಿಯವರೇ, ಉಷ್ಣಾಂಶ ಇಳಿಕೆಯ ದರ ಹೇಳದೆ ಬಿಟ್ಟಿರಲ್ಲ, ಜಗಳ ಇರುವುದೇ ಅಲ್ಲಿ. ಕೆಲವು ಪುಸ್ತಕದಲ್ಲಿ 1000 ಮೀ.ಗೆ 6.5 ಡಿಗ್ರಿ, ಕೆಲವದರಲ್ಲಿ 165 ಮೀ.ಗೆ 1 ಡಿಗ್ರಿ. ಎರಡೂ ಒಂದೇ ಅಲ್ಲ! ಬೆಟ್ಟದ ಬುಡದಲ್ಲಿ 32 ಡಿಗ್ರಿ, 1800 ಮೀ. ಮೇಲೆ ಎಷ್ಟು ಅಂತ ಲೆಕ್ಕ ಕೊಟ್ಟರೆ ಮೊದಲನೆಯದರಲ್ಲಿ 11.7 ಕಳೆದು 20.3, ಎರಡನೆಯದರಲ್ಲಿ 10.9 ಕಳೆದು 21.1. ದರ ಯಾವುದು ಹಿಡಿದೆ ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆಯಬೇಕು. ಹಾಗೆ ಬರೆದರೆ ಹೆಜ್ಜೆ ನೋಡಿ ಅಂಕ ಕೊಡಲು ದಾರಿ ಇರುತ್ತದೆ. ಉತ್ತರ ಮಾತ್ರ ಬರೆದವನಿಗೆ ಅದೂ ಇಲ್ಲ.

ಅನಿಲಗಳದ್ದೂ ಇದೇ ಪಾಡು. ಸಾರಜನಕ ಶೇಕಡಾ 78.08, ಆಮ್ಲಜನಕ 20.95, ಆರ್ಗಾನ್ 0.93, ಇದರಲ್ಲಿ ತಕರಾರಿಲ್ಲ. ಇಂಗಾಲದ ಡೈಆಕ್ಸೈಡ್ ಹಳೆಯ ಗೈಡುಗಳಲ್ಲಿ 0.03. ಈಗ ಹತ್ತು ಲಕ್ಷ ಭಾಗಕ್ಕೆ 420 ದಾಟಿದೆ, ಅಂದರೆ 0.04. ಹಳೆಯ ಅಂಕಿ ಕಲಿಸುವುದು ತಪ್ಪು ಎಂದೇ ನನ್ನ ಮಾತು.

ಬೆಣ್ಣೆನಗರಿ, ದಾವಣಗೆರೆ
ತಪ್ಪೋ ಸರಿಯೋ, ಮೌಲ್ಯಮಾಪಕರ ಕೈಯಲ್ಲಿರುವುದು ಪಠ್ಯದ ಅಂಕಿ. ಹುಡುಗನನ್ನು ಪರೀಕ್ಷೆಗೆ ಕಳಿಸ್ತಿದ್ದೀರೋ, ಸಂಶೋಧನೆಗೋ?

ಹೊಳೆದಂಡೆ, ಹರಿಹರ
ಪಠ್ಯದ ಅಂಕಿ ಬರೆದು ಪಕ್ಕದಲ್ಲಿ 'ಈಗ ಸುಮಾರು 0.04' ಅಂತ ಸೇರಿಸಿದರೆ ಯಾರೂ ಅಂಕ ಕಳೆಯುವುದಿಲ್ಲ. ಮಕ್ಕಳಿಗೆ ಗೊತ್ತಿದ್ದೂ ತಪ್ಪು ಹೇಳಿಕೊಡುವುದನ್ನು ನಾನು ಒಪ್ಪಲ್ಲ ಮೇಡಂ. ಬೇಜಾರಾದರೆ ಆಗಲಿ.

ಕಾಲಮಾನದ್ದೂ ಒಂದು ಮಾತು. ಇಂಗ್ಲಿಷ್ ನೋಟ್ಸ್ ನೋಡಿ ಬರೆಯುವವರು ಮಿಲಿಯನ್, ಬಿಲಿಯನ್ ಅನ್ನು ಕೋಟಿ ಮಾಡುವಾಗ ಸೊನ್ನೆ ಕಳೆದುಕೊಳ್ಳುತ್ತಾರೆ. 1 ಮಿಲಿಯನ್ ಹತ್ತು ಲಕ್ಷ, 1 ಬಿಲಿಯನ್ ನೂರು ಕೋಟಿ. ಭೂಮಿಗೆ 454 ಕೋಟಿ ವರ್ಷ. ಡೈನೋಸಾರ್ ಅಳಿದದ್ದು 6.6 ಕೋಟಿ ವರ್ಷದ ಹಿಂದೆ, 66 ಕೋಟಿ ಅಲ್ಲ. ದಖನ್ನಿನ ಬಸಾಲ್ಟ್ ಉಕ್ಕಿದ್ದೂ ಹೆಚ್ಚುಕಡಿಮೆ ಆಗಲೇ. ಕೋಟೆಬಂಡೆಯವರ ಕಲ್ಲುಗಳ ವಯಸ್ಸು ತಿಳಿಯಲು ಇಂಗಾಲ-14 ಎಂದು ಬರೆದರೆ ಸೊನ್ನೆ. ಅದರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, 5730 ವರ್ಷ, ಹತ್ತು ಅರ್ಧಾಯು ಕಳೆದರೆ ಉಳಿಯುವುದು 1024ರಲ್ಲಿ ಒಂದು ಪಾಲು, ಅಳೆಯಲು ಏನೂ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಯುರೇನಿಯಂ, ಅರ್ಧಾಯು 447 ಕೋಟಿ ವರ್ಷ.

ಕೋಟೆಬಂಡೆ, ಚಿತ್ರದುರ್ಗ
ಇದು ಸರಿ. ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಿಂದಿನವು. ನಾನು ಮೊದಲಿಂದ ಹೇಳಿದ್ದೂ ಅದೇ, ಶಿಲೆ ಗೊತ್ತಿದ್ದರೆ ಉಳಿದದ್ದೆಲ್ಲ ಬರುತ್ತದೆ.

ಜೋಗಿಮಟ್ಟಿ, ಚಿತ್ರದುರ್ಗ
ಸ್ಥಳೀಯ ವೇಳೆಯ ಲೆಕ್ಕ ಯಾರೂ ಹೇಳಲೇ ಇಲ್ಲ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ದಾವಣಗೆರೆ ಸುಮಾರು 76 ಡಿಗ್ರಿ ಪೂರ್ವ, ನಮ್ಮ ಗಡಿಯಾರದ ರೇಖೆ 82½ ಡಿಗ್ರಿ. ವ್ಯತ್ಯಾಸ 6½, ನಾಲ್ಕರಿಂದ ಗುಣಿಸಿದರೆ 26 ನಿಮಿಷ. ದಾವಣಗೆರೆ ಪಶ್ಚಿಮಕ್ಕಿದೆ, ಕಳೆಯಬೇಕು: ಗಡಿಯಾರದಲ್ಲಿ 12 ಆದಾಗ ಅಲ್ಲಿನ ಸ್ಥಳೀಯ ವೇಳೆ 11:34. ಪೂರ್ವಕ್ಕೆ ಕೂಡು, ಪಶ್ಚಿಮಕ್ಕೆ ಕಳೆ. ಕೂಡುವುದು, ಕಳೆಯುವುದು ತಿರುಗಾಮುರುಗಾ ಆದರೆ ಗುಣಾಕಾರ ಎಷ್ಟು ಸರಿ ಇದ್ದರೂ ಉತ್ತರ ತಪ್ಪು.

ಇನ್ನೊಂದು, ಕೋಲು ನೆಟ್ಟು ನೆರಳು ಅಳೆದರೆ ನಡುಹಗಲು ಯಾವಾಗಲೂ 12:26ಕ್ಕೆ ಬರುವುದಿಲ್ಲ. ನವೆಂಬರ್ ಶುರುವಿನಲ್ಲಿ 12:10ರ ಸುಮಾರಿಗೆ, ಫೆಬ್ರವರಿ ಮಧ್ಯದಲ್ಲಿ 12:40ರ ಸುಮಾರಿಗೆ. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷ 23½ ಡಿಗ್ರಿ ವಾಲಿದೆ, ಅದಕ್ಕೆ.

ಬೆಣ್ಣೆನಗರಿ, ದಾವಣಗೆರೆ
ಪಿಯು ಹುಡುಗನಿಗೆ ಇದೆಲ್ಲ ಯಾಕ್ರೀ? ಕೇಳಿದ್ದೇನು, ನೀವು ಹೇಳ್ತಿರೋದೇನು!

ಜೋಗಿಮಟ್ಟಿ, ಚಿತ್ರದುರ್ಗ
ಅಂಕ ಬರದಿದ್ದರೆ ಸತ್ಯವೇ ಬೇಡ ಅನ್ನೋ ಹಾಗಿದೆ ನಿಮ್ಮ ವಾದ. ಮೊದಲ ಪ್ಯಾರಾ ಪರೀಕ್ಷೆಗೆ, ಎರಡನೆಯದು ತಿಳಿಯಬೇಕು ಅನ್ನುವವರಿಗೆ. ಬೇಡದವರು ಓದಬೇಡಿ.

ವಿದ್ಯಾನಗರದ ಅಕ್ಕ, ದಾವಣಗೆರೆ
ದಯವಿಟ್ಟು ಜಗಳ ಬೇಡ, ಎಲ್ಲರದೂ ಬರೆದುಕೊಂಡಿದ್ದೇನೆ. ಏರು-ಇಳಿ ಗೆರೆ ತಮ್ಮನಿಗೆ ಹಿಡಿಸಿದೆ. ಒಂದೇ ಕೇಳುವುದು: ರಿಕ್ಟರ್ ಮಾಪನ ಮತ್ತು ಉಬ್ಬರವಿಳಿತ ಬಿಡಬಹುದಾ?

ಬೆಣ್ಣೆನಗರಿ, ದಾವಣಗೆರೆ
ರಿಕ್ಟರ್ ಬಿಡಬೇಡಮ್ಮ, ಎರಡು ಸಾಲಿನ ಕೆಲಸ. 1935ರದ್ದು. ಒಂದು ಅಂಕ ಏರಿದರೆ ಅಲೆಯ ಎತ್ತರ 10 ಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. 5ರಿಂದ 7ಕ್ಕೆ ಏರಿದರೆ ಅಲೆ 100 ಪಟ್ಟು, ಶಕ್ತಿ ಸುಮಾರು 1000 ಪಟ್ಟು. ಮರ್ಕಲಿ ಬೇರೆ, ಅದು ಹಾನಿ ನೋಡಿ ಹೇಳುವುದು, 1ರಿಂದ 12. ಉದಾಹರಣೆಗೆ ಕೊಯ್ನಾ 1967, ಕಿಲ್ಲಾರಿ 1993, ಭುಜ್ 2001 ಸಾಕು.

ಒಣಗಾಳಿ, ಚಳ್ಳಕೆರೆ
ಉಬ್ಬರವಿಳಿತಕ್ಕೆ ಮನೆಯ ಪಂಚಾಂಗ ಸಾಕು ಅಕ್ಕಾ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ, ಉಬ್ಬರ ಅತಿ ಹೆಚ್ಚು. ಅಷ್ಟಮಿಯ ಹೊತ್ತಿಗೆ ಲಂಬಕೋನ, ಉಬ್ಬರ ಅತಿ ಕಡಿಮೆ. ಸೂರ್ಯನ ಸೆಳೆತದ ಪಾಲು ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ದೂರದಲ್ಲಿರುವುದರಿಂದ. ಎರಡು ಉಬ್ಬರಗಳ ನಡುವೆ 12 ಗಂಟೆ 25 ನಿಮಿಷ. ದಿನಕ್ಕೆ 50 ನಿಮಿಷ ಯಾಕೆ ತಡವಾಗುತ್ತದೆ ಎಂದು ಕೇಳಿದರೆ, ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಮುಂದೆ ಹೋಗಿರುತ್ತಾನೆ, ಅವನ ನೇರಕ್ಕೆ ಬರಲು ಭೂಮಿಗೆ ಇನ್ನಷ್ಟು ಹೊತ್ತು ಬೇಕು ಎಂದು ಬರೆಯಲಿ.

ಕೋಟೆಬಂಡೆ, ಚಿತ್ರದುರ್ಗ
ಅಕ್ಕಾ, ಮರಡಿಹಳ್ಳಿಗೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಸುತ್ತಿಗೆ ಬೇಡ, ಅದು ರಕ್ಷಿತ ಜಾಗ, ಚೂರು ಕೂಡ ಒಡೆಯುವ ಹಾಗಿಲ್ಲ.

ಬೆಣ್ಣೆನಗರಿ, ದಾವಣಗೆರೆ
ಪರೀಕ್ಷೆ ಮುಗಿದ ಮೇಲೆ ಹೋಗಲಿ!